ಇಪ್ಪತ್ತೈದು ಅಂದ್ರೆ ಎಷ್ಟು?

ಅಪ್ಪ ಫೋನ್ ಮಾಡೋದು ಭಾನುವಾರ ಬೆಳಿಗ್ಗೆ. ಅವತ್ತು ಬುಧವಾರ ಮಧ್ಯಾಹ್ನ ಮಾಡಿದರು. ನಾನು ಮೀಟಿಂಗ್‌ನಲ್ಲಿದ್ದೆ, ಕಟ್ ಮಾಡಿದೆ. ಮತ್ತೆ ಬಂತು. ಯಾರಿಗೆ ಏನಾಯ್ತೋ ಅಂತ ಹೊರಗೆ ಓಡಿ ಬಂದು ಎತ್ತಿದರೆ, "ನೀರಿನ ಘಟಕ ಮತ್ತ ಬಂದ್ ಬಿದ್ದೈತಿ ಯವ್ವಾ. ಈ ಸಲ ಆ ಹುಡುಗನ್ನ ಕೆಲಸದಿಂದ ಬಿಡಿಸಿಬಿಟ್ಟಾರ," ಅಂದರು.

ನಮ್ಮದು ರೋಣದಿಂದ ಗಜೇಂದ್ರಗಡದ ಕಡೆ ಹೋಗುವಾಗ ಸಿಗೋ ಒಂದು ಸಣ್ಣ ಊರು. ಹೆಸರು ಬೇಡ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮ್ ದಾಟಬಾರದು ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತೆ, ನಮ್ಮ ಬೋರ್ ಅದನ್ನ ದಾಟಿ ಎಷ್ಟೋ ವರ್ಷ ಆಯ್ತು. ನನ್ನ ಮುಂದಿನ ಎರಡು ಹಲ್ಲಿನ ಮೇಲೆ ಕಂದು ಗೆರೆ ಇವೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಇಡೋದು ರೂಢಿಯಾಗಿತ್ತು, ಅದಿನ್ನೂ ಹೋಗಿಲ್ಲ. ಹಾಗಾಗಿ ಊರಿಗೊಂದು ಶುದ್ಧ ನೀರಿನ ಘಟಕ ಹಾಕಿಸ್ತೀವಿ ಅಂತ ಒಬ್ಬ ದಾನಿಗಳು ಮುಂದೆ ಬಂದಾಗ, ಡಿಸೈನ್ ನಾನೇ ಮಾಡ್ತೀನಿ ಅಂತ ಹೇಳಿದ್ದು ನಾನು. ಯಾರೂ ಕೇಳಿರಲಿಲ್ಲ. ನನ್ನ ಹೊಟ್ಟೆಪಾಡೇ ಅದು, ನೀರು ಶುದ್ಧ ಮಾಡೋ ಪ್ಲಾಂಟುಗಳ ಪ್ರಾಸೆಸ್ ಎಂಜಿನಿಯರಿಂಗ್. ಕೆಲಸಕ್ಕೆ ಸೇರಿ ಎರಡನೇ ವರ್ಷ. ಆಗ ನನಗೆ ಎಲ್ಲಾ ಗೊತ್ತಿತ್ತು.

ಘಟಕ ಶುರುವಾದಾಗ ಊರಲ್ಲಿ ಪೇಢೆ ಹಂಚಿದರು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ನಮ್ಮ ಓಣಿಯ ಒಬ್ಬ ಹುಡುಗ ಆಪರೇಟರ್ ಆದ. ಐದಾರು ತಿಂಗಳು ಚೆನ್ನಾಗಿ ನಡೀತು. ಆಮೇಲೆ ನೀರು ಸಣ್ಣಗೆ ಬರೋಕೆ ಶುರುವಾಯ್ತು, ರುಚಿ ಕೆಟ್ಟಿತು, ನಿಂತೇಹೋಯ್ತು. ಮೆಂಬ್ರೇನ್ ಬದಲಾಯಿಸಿದರು. ಮತ್ತೆ ಆರು ತಿಂಗಳಿಗೆ ಅದೇ ಕತೆ. ಹುಡುಗ ಸರಿಯಾಗಿ ತೊಳೆಯಲ್ಲ ಅಂದರು. ರಾತ್ರಿ ಹೋಟೆಲಿನವರಿಗೆ ನೀರು ಮಾರ್ತಾನೆ, ಅದಕ್ಕೇ ಮಷಿನ್ ಕೆಟ್ಟಿದೆ ಅಂತಲೂ ಅಂದರು. ನಾನೂ ಫೋನಲ್ಲಿ, "ಆಪರೇಷನ್ ಸರಿ ಇರಲ್ಲಪ್ಪ ಹಳ್ಳಿ ಕಡೆ," ಅಂತ ಅಪ್ಪನ ಹತ್ತಿರ ಹೇಳಿದ್ದೆ. ಅದನ್ನ ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ.

ಅವತ್ತು ರಾತ್ರಿ ಹಳೇ ಫೈಲ್ ತೆಗೆದೆ. ಯಾಕೆ ಅಂತ ಗೊತ್ತಿಲ್ಲ, ಹುಡುಗನನ್ನ ಬಿಡಿಸಿದ ಸುದ್ದಿ ಎಲ್ಲೋ ಚುಚ್ಚುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ತಾಳ್ಮೆ ಇರಲಿ. ಮೆಂಬ್ರೇನ್ ಅಂದರೆ ಒಂದು ತೆಳು ಪರದೆ. ಒತ್ತಡ ಹಾಕಿದರೆ ನೀರು ಅದನ್ನ ದಾಟಿ ಹೋಗುತ್ತೆ, ಉಪ್ಪು, ಫ್ಲೋರೈಡ್ ಈಚೆ ಉಳಿಯುತ್ತೆ. ಒಂದು ಚದರ ಮೀಟರ್ ಪರದೆ ತಾಸಿಗೆ ಎಷ್ಟು ಲೀಟರ್ ದಾಟಿಸುತ್ತೆ ಅನ್ನೋದಕ್ಕೆ ಫ್ಲಕ್ಸ್ ಅಂತೀವಿ. ಲೀಟರ್, ಚದರ ಮೀಟರ್, ತಾಸು, ಮೂರೂ ಸೇರಿಸಿ ಚಿಕ್ಕದಾಗಿ ಎಲ್‌ಎಂಎಚ್. ಅಮೆರಿಕದವರು ಇದನ್ನೇ ಒಂದು ಚದರ ಅಡಿಗೆ ದಿನಕ್ಕೆ ಎಷ್ಟು ಗ್ಯಾಲನ್ ಅಂತ ಅಳೀತಾರೆ, ಅದು ಜಿಎಫ್‌ಡಿ. ಒಂದು ಗ್ಯಾಲನ್ 3.785 ಲೀಟರ್, ಒಂದು ಚದರ ಅಡಿ 0.0929 ಚದರ ಮೀಟರ್, ದಿನಕ್ಕೆ 24 ತಾಸು. ಭಾಗಿಸಿದರೆ ಒಂದು ಜಿಎಫ್‌ಡಿ ಅಂದರೆ 1.698 ಎಲ್‌ಎಂಎಚ್. ಅದೂ ಅಮೆರಿಕದ ಗ್ಯಾಲನ್ ಆದರೆ. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅದನ್ನ ಹಾಕಿದರೆ 2.04 ಆಗಿಬಿಡುತ್ತೆ. ಬ್ರಿಟಿಷರು ಬಿಟ್ಟು ಹೋದ ಗ್ಯಾಲನ್ ಒಂದು, ಕ್ಯಾಟಲಾಗಿನ ಜೊತೆ ಬಂದ ಗ್ಯಾಲನ್ ಇನ್ನೊಂದು. ಹೆಸರು ಮಾತ್ರ ಒಂದೇ.

ನಮ್ಮೂರಿನಂಥ ಗಡಸು ಬೋರ್ ನೀರಿಗೆ ಸುಮಾರು 25 ಎಲ್‌ಎಂಎಚ್ ಸಾಕು. ತಾಸಿಗೆ 1000 ಲೀಟರ್ ಬೇಕು ಅಂದರೆ 1000ವನ್ನ 25ರಿಂದ ಭಾಗಿಸಿ, 40 ಚದರ ಮೀಟರ್ ಪರದೆ ಬೇಕು. ನಾಲ್ಕು ಇಂಚಿನ ಒಂದು ಮೆಂಬ್ರೇನಿನೊಳಗೆ ಸುತ್ತಿಟ್ಟಿರೋದು ಸುಮಾರು 7.9 ಚದರ ಮೀಟರ್. ಅಂದರೆ ಐದು ಮೆಂಬ್ರೇನ್. ಏಳನೇ ಕ್ಲಾಸಿನ ಲೆಕ್ಕ.

ಫೈಲಿನಲ್ಲಿ ಮೂರು ಅಂತ ಇತ್ತು.

ಎಕ್ಸೆಲ್ ಶೀಟ್ ಆಫೀಸಿನದು, ಯಾವುದೋ ಕಾಲದಲ್ಲಿ ಯಾರೋ ಅಮೆರಿಕದ ಪ್ರಾಜೆಕ್ಟಿಗೆ ಅಂತ ಮಾಡಿದ್ದು. ಒಂದು ಹಳದಿ ಡಬ್ಬಿ, ಪಕ್ಕದಲ್ಲಿ ಬರೀ "ಫ್ಲಕ್ಸ್". ಯುನಿಟ್ ಬರೆದ ಕಾಲಮ್ ಯಾರೋ ಹೈಡ್ ಮಾಡಿದ್ದರು. ನಾನು 25 ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ದೆ. ಶೀಟ್ ಅದನ್ನ 25 ಜಿಎಫ್‌ಡಿ ಅಂತ ತಿಳಕೊಂಡಿತು. ಅಂದರೆ 42.5 ಎಲ್‌ಎಂಎಚ್. ಮೂರೇ ಮೆಂಬ್ರೇನ್ ಸಾಕು ಅಂದಿತು. ಕಮ್ಮಿ ಖರ್ಚಲ್ಲಿ ಮುಗೀತು ಅಂತ ನಾನು ಖುಷಿಪಟ್ಟಿದ್ದೆ. ಶೀಟಿನ ತಪ್ಪು ಅಂತ ಹೇಳಬಹುದು. ಆದರೆ ಕಾಗದದ ಮೇಲೆ ಒಂದೇ ಒಂದು ಸಲ ಭಾಗಾಕಾರ ಮಾಡಿದ್ದರೆ ಗೊತ್ತಾಗುತ್ತಿತ್ತು. ಮಾಡಲಿಲ್ಲ.

ಕೂಡಿಸಿದವರಿಗೆ ಯಾಕೆ ಅನುಮಾನ ಬರಲಿಲ್ಲ ಅಂದರೆ, ಕ್ಯಾಟಲಾಗಿನಲ್ಲಿ ಮೂರು ಮೆಂಬ್ರೇನಿಗೆ ತಾಸಿಗೆ ಸಾವಿರ ಲೀಟರ್ ನಿಜಕ್ಕೂ ಬರುತ್ತೆ. ಪ್ರಯೋಗಾಲಯದಲ್ಲಿ, ಸ್ವಚ್ಛ ನೀರಿಗೆ ಲೆಕ್ಕ ಮಾಡಿ ಉಪ್ಪು ಹಾಕಿ ಓಡಿಸಿದಾಗ. ನಮ್ಮ ನೀರಿನಲ್ಲಿ ಸುಣ್ಣ ಇದೆ. ನೀರನ್ನ ಜೋರಾಗಿ ಎಳೆದಷ್ಟೂ ಹಿಂದೆ ಉಳಿದ ಉಪ್ಪು, ಸುಣ್ಣ ಪರದೆಯ ಮೈಮೇಲೆ ದಟ್ಟವಾಗುತ್ತೆ, ಗಟ್ಟಿಯಾಗುತ್ತೆ. ಮನೆಯ ನೀರು ಕಾಯಿಸೋ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಹಾಗೆ. ಪದರ ಕಟ್ಟಿದರೆ ನೀರು ಕಮ್ಮಿಯಾಗುತ್ತೆ. ಕಮ್ಮಿಯಾದರೆ ಆಪರೇಟರ್ ಒತ್ತಡ ಹೆಚ್ಚಿಸುತ್ತಾನೆ. ಹೆಚ್ಚಿಸಿದರೆ ಇನ್ನೂ ಬೇಗ ಕಟ್ಟುತ್ತೆ.

ಒತ್ತಡ ಹೆಚ್ಚಿಸು ಅಂತ ಅವನಿಗೆ ಹೇಳಿಕೊಟ್ಟಿದ್ದೂ ನಾನೇ. "ರೋಟಾಮೀಟರ್ ನಿಮಿಷಕ್ಕ 17 ಲೀಟರ್ ತೋರಿಸಬೇಕು, ಕಮ್ಮಿ ಆತಂದ್ರ ವಾಲ್ವ್ ಹೊರಳಸು," ಅಂದಿದ್ದೆ. ಪಾಪ, ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ್ದಾನೆ.

ಶುಕ್ರವಾರ ರಾತ್ರಿ ಹೊರಟೆ. ಗದಗಿಗೆ ನೇರ ಬಸ್ಸು ಸಿಗಲಿಲ್ಲ, ಹುಬ್ಬಳ್ಳಿಗೆ ಹೋಗಿ ನವಲಗುಂದ, ನರಗುಂದದ ಮೇಲೆ ರೋಣದ ಕಡೆ ತಿರುಗಿದೆ. ನವಲಗುಂದ ದಾಟಿದ ಮೇಲೆ ಎರಡೂ ಕಡೆ ಬರೀ ಎರಿ ಹೊಲ, ಕಣ್ಣು ಹರಿದಷ್ಟೂ ಕಪ್ಪು. ಪಕ್ಕದಲ್ಲಿ ಪಟಗಾ ಸುತ್ತಿದ್ದ ಒಬ್ಬ ಅಜ್ಜ ಪೇಪರ್ ಓದುತ್ತಿದ್ದರು. ಮಹದಾಯಿ ಸುದ್ದಿ.

"ಏನ್ ಕೆಲಸ ಮಾಡ್ತೀ ತಂಗಿ?"

"ನೀರಿಂದರೀ ಅಜ್ಜಾ. ಎಂಜಿನಿಯರ್."

"ಹಂಗಾರ ಹೇಳು ನೋಡೂಣು, ಒಂದ್ ಟಿಎಂಸಿ ಅಂದ್ರ ಎಷ್ಟ್ ಕೊಡ?"

ಯಾರೂ ಯಾವತ್ತೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಮೊಬೈಲ್ ತೆಗೆದೆ. ನೂರು ಕೋಟಿ ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 2,832 ಕೋಟಿ ಲೀಟರ್. ಹದಿನೈದು ಲೀಟರಿನ ಕೊಡ ಆದರೆ ಹತ್ತಿರತ್ತಿರ 189 ಕೋಟಿ ಕೊಡ. ಅಜ್ಜ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿ, "ಅದರಾಗ ನಮ್ಮ ಓಣಿಗೆ ಎಷ್ಟ್ ಬರ್ತಾವು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಲಪ್ರಭೆಗೆ 7.56 ಟಿಎಂಸಿ ಬೇಕು ಅಂತ ಈ ಭಾಗದವರು ಕೇಳಿದ್ದು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಕೊಟ್ಟಿತು ಅಂತ ಪೇಪರಿನಲ್ಲಿ ಬಂತು, ಜನ ಖುಷಿಪಟ್ಟರು. ಆದರೆ ಅದರಲ್ಲಿ 8.02 ವಿದ್ಯುತ್ತಿಗೆ. ಈ ಕಡೆ ತಿರುಗಿಸಿಕೊಳ್ಳೋಕೆ ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿಸಿದರೆ 3.9. ಅದು ಕುಡಿಯೋಕೆ ಅಂತ ಇರೋದು, ಹೊಲಕ್ಕಲ್ಲ. ಆದರೂ ಸುಮ್ಮನೆ ಅಂದಾಜಿಗೆ, ಬಸ್ಸಿನಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಎರಡು ಲಕ್ಷ ಹೆಕ್ಟೇರ್ ನೆಲದ ಮೇಲೆ ಒಂದು ಟಿಎಂಸಿ ಹರಡಿದರೆ 14 ಮಿಲಿಮೀಟರ್ ನಿಲ್ಲುತ್ತೆ. 3.9 ಟಿಎಂಸಿ ಹರಡಿದರೆ 55. ಟಿಎಂಸಿ ಅಂದಾಗ ಸಮುದ್ರದ ಹಾಗೆ ಕೇಳಿಸುತ್ತೆ, ಮಿಲಿಮೀಟರ್ ಅಂದಾಗ ಎರಡು ಒಳ್ಳೆಯ ಮಳೆ.

ನರಗುಂದದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. 1980ರ ಜುಲೈ 21ರಂದು ಇಲ್ಲಿ ಗೋಲಿಬಾರ್ ಆಯ್ತು, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ನಾನು ಹುಟ್ಟೋಕೆ ಎಷ್ಟೋ ಮುಂಚಿನ ಮಾತು, ಆದರೆ ಅಪ್ಪ ಹೇಳಿ ಹೇಳಿ ಕಣ್ಣಾರೆ ಕಂಡ ಹಾಗೆ ಆಗಿದೆ. ನವಿಲುತೀರ್ಥದ ಅಣೆಕಟ್ಟಿನ ನೀರಾವರಿಗೆ ಅಂತ ರೈತರ ಮೇಲೆ ಅಭಿವೃದ್ಧಿ ಕರ, ನೀರಿನ ಕರ ಹೇರಿದ್ದರು. ಲೆಕ್ಕ ಎಕರೆಯದು. ನೀರು ಬರಲಿ ಬಿಡಲಿ, ಅಚ್ಚುಕಟ್ಟಿನ ನಕ್ಷೆಯಲ್ಲಿ ಹೊಲ ಇದ್ದರೆ ಕರ ಕಟ್ಟಬೇಕು. ಕಾಲುವೆಯ ತುದಿಯಲ್ಲಿ ಇರೋನಿಗೂ ಅಷ್ಟೇ, ಮೊದಲಲ್ಲಿ ಇರೋನಿಗೂ ಅಷ್ಟೇ. ನನ್ನ ಭಾಷೆಯಲ್ಲಿ ಹೇಳಬೇಕು ಅಂದರೆ ಫ್ಲಕ್ಸ್‌ನ ಕೆಳಗಿನ ಅರ್ಧ, ಅಂದರೆ ವಿಸ್ತೀರ್ಣ ಮಾತ್ರ ಅಳೆದರು. ಮೇಲಿನ ಅರ್ಧ, ಅಂದರೆ ಹರಿದ ನೀರು, ಯಾರೂ ಅಳೆಯಲಿಲ್ಲ. ಅಳೆಯೋದು ಕಷ್ಟವೇನೂ ಆಗಿರಲಿಲ್ಲ. ಒಂದು ಕ್ಯೂಸೆಕ್ ನೀರನ್ನ ಒಂದು ಎಕರೆಗೆ ಒಂದು ತಾಸು ಬಿಟ್ಟರೆ ಹೆಚ್ಚೂಕಮ್ಮಿ ಸರಿಯಾಗಿ ಒಂದು ಇಂಚು ನಿಲ್ಲುತ್ತೆ. ಅಷ್ಟು ಸುಲಭದ ಲೆಕ್ಕ.

ಮನೆ ಮುಟ್ಟಿದಾಗ ಅಪ್ಪ ಹೊಲಕ್ಕೆ ಹೋಗಿದ್ದರು. ರಾತ್ರಿ ಮಳೆ ಬಿದ್ದಿತ್ತು. ನಾನೂ ಅಲ್ಲಿಗೇ ಹೋದೆ. ಅಪ್ಪ ಕೂತು ಕೈಯಲ್ಲಿ ಮಣ್ಣು ಕೆದರಿ ಹಸಿ ಎಷ್ಟು ಇಳಿದಿದೆ ಅಂತ ನೋಡುತ್ತಿದ್ದರು. ನಮ್ಮ ಕಡೆ ಮಳೆ ಎಷ್ಟಾಯ್ತು ಅಂತ ಕೇಳಿದರೆ ಯಾರೂ ಮಿಲಿಮೀಟರ್ ಹೇಳಲ್ಲ. ನಾಲ್ಕು ಬೆರಳು ಹಸಿ, ಒಂದು ಗೇಣು ಹಸಿ, ಅಷ್ಟೇ.

"ಅಪ್ಪಾ, ಘಟಕ ಕೆಟ್ಟಿದ್ದು ನನ್ನಿಂದ," ಅಂದೆ.

ಹೇಗೆ ಅಂತ ಕೇಳಿದರು. ಎಲ್‌ಎಂಎಚ್, ಜಿಎಫ್‌ಡಿ ಅಂತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದೆ. ಅಷ್ಟು ವರ್ಷ ಆ ಯುನಿಟ್ ಬಳಸಿಯೂ ನನಗೆ ಹೊಳೆಯದ ಒಂದು ಮಾತು ಆಗ, ಆ ಕೆದರಿದ ಮಣ್ಣು ನೋಡಿ ಹೊಳೀತು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಸುರಿದರೆ ಸರಿಯಾಗಿ ಒಂದು ಮಿಲಿಮೀಟರ್ ಎತ್ತರ ನಿಲ್ಲುತ್ತೆ. ಅಂದರೆ ನನ್ನ ಎಲ್‌ಎಂಎಚ್ ಅಂದರೆ ತಾಸಿಗೆ ಇಷ್ಟು ಮಿಲಿಮೀಟರ್ ಮಳೆ, ಬೇರೆ ಏನೂ ಅಲ್ಲ. ಗುಣಿಸೋದೂ ಬೇಡ, ಭಾಗಿಸೋದೂ ಬೇಡ.

"ತಾಸಿಗೆ ಇಪ್ಪತ್ತೈದು ಮಿಲಿಮೀಟರ್ ಮಳೆ ಬೀಳೋ ಲೆಕ್ಕದಾಗ ನೀರು ಇಳಿಸಬೇಕಾಗಿತ್ತು ಅಪ್ಪಾ. ನಾನು ನಲವತ್ತೆರಡರ ಲೆಕ್ಕದಾಗ ಇಳಿಸೀನಿ."

ಅಪ್ಪ ಮಣ್ಣು ಕೊಡವಿಕೊಂಡು ಎದ್ದರು. "ಎರಿ ಹೊಲದ ಮ್ಯಾಲೆ ದಪ್ಪ ಮಳಿ ಹೊಡದಂಗ ಆತು. ಹಸಿ ಇಳಿಯೂದಿಲ್ಲ, ಮ್ಯಾಲೆ ಪದರ ಕಟ್ಟತೈತಿ, ನೀರು ಹರದ ಹೊಕ್ಕೈತಿ. ಮಸಾರಿ ಇದ್ರ ಬ್ಯಾರೆ ಮಾತು."

ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದು ಇದೇ. ಜೇಡಿ ಮಣ್ಣು ತಾಸಿಗೆ ಒಂದರಿಂದ ಐದು ಮಿಲಿಮೀಟರ್ ನೀರು ಕುಡಿಯುತ್ತೆ, ಮರಳು ಮಣ್ಣು ಇಪ್ಪತ್ತು, ಮೂವತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿ ಮೊದಮೊದಲು ಗಟಗಟ ಕುಡಿಯುತ್ತೆ, ಆಮೇಲೆ ಉಬ್ಬಿಕೊಂಡು ಬಾಯಿ ಮುಚ್ಚುತ್ತೆ. ನಮ್ಮ ಹೊಸ ಮೆಂಬ್ರೇನ್ ಮೊದಲ ಐದು ತಿಂಗಳು ಚೆನ್ನಾಗಿ ಕೆಲಸ ಮಾಡಿದ ಹಾಗೆ.

ಬೋರಿನದೂ ಒಂದು ಕತೆ ಇದೆ, ಹೇಳಿಬಿಡ್ತೀನಿ. ನಮ್ಮ ಬೋರಿಗೆ ಎರಡು ಇಂಚು ನೀರು ಅಂತ ರಿಪೋರ್ಟ್. ಆ ಇಂಚು ಪೈಪಿನದಲ್ಲ, ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತೆ ಅನ್ನೋದು. ಎರಡು ಇಂಚು ಅಂದರೆ ತಾಸಿಗೆ ಸುಮಾರು 2,900 ಲೀಟರ್. ಈ ಬೇಸಿಗೆಯಲ್ಲಿ ಒಂದೂವರೆ ಆಗಿತ್ತಂತೆ. "ಅರ್ಧ ಇಂಚು ಕಮ್ಮಿ ಆಗೈತಿ, ಅಷ್ಟ," ಅಂತ ಅಪ್ಪ. ಅಷ್ಟ ಅಲ್ಲ. ವಿ ಮೇಲೆ ಹೋದಂತೆ ಅಗಲ ಆಗುತ್ತಲ್ಲ, ಹಾಗಾಗಿ ಒಂದೂವರೆ ಇಂಚಿಗೆ ಬರೋದು ಬರೀ 1,400 ಲೀಟರ್. ಅರ್ಧಕ್ಕರ್ಧ ನೀರು ಹೋಗಿದೆ. ಒಂದು ಇಂಚು ಆದರೆ 500. ಬೋರ್ ಕೊರೆಸೋಕೆ ಸಾಲ ಮಾಡಿದ ಎಷ್ಟು ಜನಕ್ಕೆ ಇದು ಗೊತ್ತು?

ಮರುದಿನ ಹುಡುಗನನ್ನ ಹುಡುಕಿಕೊಂಡು ಹೋದೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಹತ್ತಿರ ಕಾವಲು ಕೆಲಸಕ್ಕೆ ಸೇರಿದ್ದಾನೆ ಅಂದಿದ್ದರು. ಗುಡ್ಡದ ಮೇಲೆ ಮಣ್ಣು ಕೆಂಪು, ಗಾಳಿಗೆ ದುಪಟ್ಟಾ ನಿಲ್ಲಲ್ಲ. ದೂರದಿಂದಲೇ ಗುರುತು ಹಿಡಿದ. ಎದ್ದು ನಿಂತ, ಆದರೆ ನಗಲಿಲ್ಲ.

ಹೇಳಿದೆ. ಮೂರಲ್ಲ ಐದು ಇರಬೇಕಿತ್ತು, ತಪ್ಪು ನನ್ನದು, ನೀ ಏನೂ ತಪ್ಪು ಮಾಡಿಲ್ಲ.

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, "ನೀರ ಮಾರ್ತಾನ ಅಂದ್ರಲ್ಲರೀ ಅಕ್ಕಾ. ಅದನ್ನ ಯಾರ ಅಳಿಸ್ತಾರ?" ಅಂದ.

ಊರಲ್ಲಿ ಎಲ್ಲರ ಎದುರು ಹೇಳ್ತೀನಿ ಅಂದೆ. ಹೇಳ್ರೀ ಅಂದ. ವಾಪಸ್ ಕೆಲಸಕ್ಕೆ ಬಾ ಅಂದೆ. ತಲೆ ಅಲ್ಲಾಡಿಸಿದ.

ಹೊರಡೋ ಮುಂಚೆ ಏನಾದರೂ ಮಾತಾಡಬೇಕಲ್ಲ ಅಂತ, ಗಾಳಿ ಎಷ್ಟಿದೆ ಇವತ್ತು ಅಂತ ಕೇಳಿದೆ. "ಏಳು ಐತ್ರಿ, ಒಳಗ ಬೋರ್ಡಿನ ಮ್ಯಾಲೆ ತೋರಸ್ತೈತಿ." ಸೆಕೆಂಡಿಗೆ ಏಳು ಮೀಟರ್. ಕೆಳಗಿಳಿಯುವಾಗ ತಲೆಯೊಳಗೆ ತನ್ನಷ್ಟಕ್ಕೇ ಲೆಕ್ಕ ನಡೀತು. ಗಾಳಿಯ ವೇಗವೂ ಫ್ಲಕ್ಸೇ. ಒಂದು ಚದರ ಮೀಟರ್ ಕಿಟಕಿಯಲ್ಲಿ ಸೆಕೆಂಡಿಗೆ ಏಳು ಘನ ಮೀಟರ್ ಗಾಳಿ ದಾಟುತ್ತೆ. ನನ್ನ 25 ಎಲ್‌ಎಂಎಚ್ ಅನ್ನ ಅದೇ ಯುನಿಟ್ಟಿಗೆ ತಂದರೆ ಸೆಕೆಂಡಿಗೆ ಏಳು ಮೈಕ್ರಾನ್, ಸರಿಯಾಗಿ ಹತ್ತು ಲಕ್ಷದಲ್ಲಿ ಒಂದು ಪಾಲು. ನೀರು ಆ ಪರದೆಯ ಕಡೆ ಒಂದು ಕೂದಲಿನ ದಪ್ಪ ಸರಿಯೋಕೆ ಹತ್ತು ಸೆಕೆಂಡ್ ಬೇಕು. ಅದನ್ನ ನಾನು ಆರು ಸೆಕೆಂಡಿಗೆ ಎಳೆದಿದ್ದೆ. ಅಷ್ಟಕ್ಕೇ ಇಷ್ಟೆಲ್ಲ.

ಸಂಜೆ ಗುಡಿಯ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಹೇಳಿದೆ. ಕೈ ನಡುಗುತ್ತಿತ್ತು. ಮಳೆಯ ಲೆಕ್ಕದಲ್ಲೇ ಹೇಳಿದೆ, ಎಲ್ಲರಿಗೂ ತಿಳೀತು. ಹುಡುಗ ಕಳ್ಳತನ ಮಾಡಿಲ್ಲ ಅಂತ ಎರಡು ಸಲ ಹೇಳಿದೆ. ಅವನ ಅವ್ವ ಹಿಂದೆ ನಿಂತಿದ್ದಳು, ಸೆರಗು ಹೊದ್ದುಕೊಂಡು ಹೊರಟುಹೋದಳು. ಒಬ್ಬ ಹಿರಿಯರು, "ಆತು ಬಿಡವಾ, ಐದ ಹಾಕಿಸು," ಅಂದು ಗಟಾರದ ಮಾತು ತೆಗೆದರು. ಅವನಿಗೆ ಬೈದಿದ್ದವರು ಅಲ್ಲೇ ಇದ್ದರು. ಯಾರೂ ಏನೂ ಅನ್ನಲಿಲ್ಲ.

ಐದು ಹಾಕಿಸಿದೆ, ದುಡ್ಡು ನನ್ನದೇ. ಬೇಸಿಗೆಯಲ್ಲಿ ಬೋರ್ ಇಳಿದಾಗ ದಿನಕ್ಕೆ ಕಮ್ಮಿ ತಾಸು ಓಡಿಸಬೇಕು ಅಂತ ಗೋಡೆಯ ಮೇಲೆ ಬರೆಸಿದೆ. ಈಗ ಘಟಕ ನೋಡಿಕೊಳ್ಳೋದು ಆ ಹುಡುಗನ ತಂಗಿ, ಪಿಯುಸಿ ಮುಗಿಸಿದ್ದಾಳೆ. ಮೊದಲ ದಿನ ರೋಟಾಮೀಟರ್ ತೋರಿಸಿ, 17ರ ಮೇಲೆ ಹೋಗಬಾರದು ಅಂತ ಹೇಳಿಕೊಡುತ್ತಿದ್ದೆ. ಅವಳು ಬಗ್ಗಿ ನೋಡಿ, "ಯಾವ್ ಕಡೀದು ಅಕ್ಕಾ? ಎರಡೂ ಕಡೆ ಬ್ಯಾರೆ ಬ್ಯಾರೆ ಬರದಾರ," ಅಂದಳು. ನಾನೂ ಬಗ್ಗಿ ನೋಡಿದೆ. ಎಡಕ್ಕೆ ಲೀಟರ್, ಬಲಕ್ಕೆ ಗ್ಯಾಲನ್.

ಅಪ್ಪನ ಹತ್ತಿರ ವೈರಿಗೆ ಸುತ್ತೋ ಕಪ್ಪು ಟೇಪ್ ಇತ್ತು. ಬಲಗಡೆಯ ಅಂಕಿಗಳ ಮೇಲೆ ಉದ್ದಕ್ಕೆ ಅಂಟಿಸಿ ಬಂದೆ.